ಸೋಸಿದ ಎಣ್ಣೆ

ಕೊಳ್ಳುವವರ ಪರವಾಗಿ ಹಳೇ ಟ್ರ್ಯಾಕ್ಟರಿನ ಗೇರ್‌ಬಾಕ್ಸ್ ನೋಡಲು ಹೋದಾಗ ನಾನು ಮಾಲೀಕರ ಮಾತು ನಂಬುವುದಿಲ್ಲ, ಎಣ್ಣೆಯನ್ನು ನಂಬುತ್ತೇನೆ. ಗೇರು ಸವೆದಿದ್ದರೆ ಎಣ್ಣೆಯಲ್ಲಿ ಲೋಹದ ಪುಡಿ ಮಿನುಗುತ್ತದೆ. ಶೇಡಬಾಳದ ಜೈನ ರೈತರೊಬ್ಬರ ಹೊಲದಲ್ಲಿ ಆ ನಂಬಿಕೆಯೇ ಕೈಕೊಟ್ಟಿತು. ಓಡಿಸಿದರೆ ಮೂರನೇ ಗೇರು ತಾನಾಗಿಯೇ ಜಾರಿ ನ್ಯೂಟ್ರಲ್ಲಿಗೆ ಬರುತ್ತಿತ್ತು. ಆದರೆ ಎಣ್ಣೆ ಇಳಿಸಿ ಬೆರಳಲ್ಲಿ ಉಜ್ಜಿದರೆ ಒಂದು ಚೂರೂ ಇಲ್ಲ. ಅಯಸ್ಕಾಂತ ಆಡಿಸಿದೆ, ಅದಕ್ಕೂ ಏನೂ ಅಂಟಲಿಲ್ಲ.

"ಕಾಕಾ, ನಿನ್ನೆ ಹೊಸಾ ಎಣ್ಣಿ ಹಾಕೀರೇನ್ರಿ?" ಎಂದೆ, ಅನುಮಾನದಿಂದ.

"ಇಲ್ರಿ. ವರ್ಷಕ್ಕೊಮ್ಮೆ ಇಳಿಸಿ, ಎರಡು ಪದರ ಅರಿವ್ಯಾಗ ಸೋಸಿ ಅದನ್ನ ತಿರುಗಿ ಹಾಕ್ತೀನಿ. ಮೊನ್ನೇನ ಸೋಸೀನಿ. ಸೋಸಲಾರದ ನೀರು ನಾವು ಕುಡಿಯೂದಿಲ್ಲ, ಅದಕ್ಯಾಕ ಕುಡಸೂದು?"

"ಮತ್ತ ಅರಿವಿ ಮ್ಯಾಲ ಉಳಿದಿದ್ದು?"

ನೀರು ಸೋಸಿದಾಗ ಅರಿವೆಯಲ್ಲಿ ಉಳಿದದ್ದನ್ನು, ಅದರಲ್ಲಿನ ಸಣ್ಣ ಜೀವಿಗಳು ಸಾಯದಿರಲೆಂದು, ಅದೇ ಬಾವಿಗೆ ತಿರುಗಿ ಬಿಡುವುದು ಅವರ ಮನೆಯ ರೂಢಿ. "ಇದನ್ನ ತಿರುಗಿ ಗೇರ್‌ಬಾಕ್ಸಿಗೆ ಹಾಕಾಕ ಬರೂದಿಲ್ಲಲ್ರಿ," ಎನ್ನುತ್ತ ಮನೆಯೊಳಗಿನಿಂದ ಒಂದು ತಗಡಿನ ಡಬ್ಬಿ ತಂದು ನನ್ನ ಕೈಗಿಟ್ಟರು. "ಅದರದ್ದು ಅದರ ಸಂಗಾಟನ ಹೋಗ್ಲಿ. ತಗೊಂಡಾವ್ರಿಗೆ ಕೊಟ್ಟುಬಿಡ್ರಿ."

ಡಬ್ಬಿ ಒಳ್ಳೇ ಭಾರವಿತ್ತು. ಗೇರ್‌ಬಾಕ್ಸ್ ಬಿಚ್ಚುವ ಕೆಲಸವೇ ಬೀಳಲಿಲ್ಲ. ಮೂರನೇ ಗೇರಿನ ಅರ್ಧ ನನ್ನ ಕೈಯಲ್ಲೇ ಇತ್ತು.