ಬಡ್ಡಿಗೆ ಕುಟ್ಟಿದ ಭತ್ತ

ಮೊಮ್ಮಗಳು ಲೇತ್ ಮಷಿನ್ ಕೆಲಸ ಕಲಿತು ಪಾಸಾದಳು! ನಿನ್ನೆಯಿಂದ ಹಾಲು ತರುವವನಿಗೂ ಹೇಳಿದೆ, ಬಸ್ಸಿನ ಕಂಡಕ್ಟರನಿಗೂ ಹೇಳಿದೆ. ಅಷ್ಟಾದರೂ ತಡೆಯಲಾಗದೆ ಈಗ ಬರೆಯಲು ಕೂತಿದ್ದೇನೆ. ನಾನು ಓದಿದ್ದು ಎರಡನೇ ಕ್ಲಾಸು. ತಪ್ಪಿದ್ದರೆ ತಿದ್ದಿಕೊಂಡು ಓದಿ. ಅವಳ ಕಲಿಕೆಗೆ ಒಂದು ರೂಪಾಯಿ ಸಾಲ ಆಗಲಿಲ್ಲ. ಅವಳ ಅಜ್ಜ ಕಬ್ಬಿಣದ ಕೆಲಸ ಕಲಿತಾಗ ಹಾಗಿರಲಿಲ್ಲ.

ಅದು ಅರವತ್ತರ ದಶಕದ ಮಾತು. ಅರಳಸುರಳಿ ಹತ್ತಿರದ ಒಂದು ಗೇಣಿ ಒಕ್ಕಲಿನ ಮನೆಗೆ ನಾನು ಸೊಸೆಯಾಗಿ ಬಂದು ವರ್ಷವಾಗಿತ್ತು. ನಮ್ಮವರು ಸಾಗರದ ತರಬೇತಿ ಶಾಲೆಯಲ್ಲಿ ಫಿಟ್ಟರ್ ಕೆಲಸ ಕಲಿಯಲು ಸೇರಿದರು. ಸರ್ಕಾರ ಕೊಡುತ್ತಿದ್ದ ತಿಂಗಳ ದುಡ್ಡು ಊಟಕ್ಕೂ ಸಾಲುತ್ತಿರಲಿಲ್ಲ. ಕೋಣೆ ಬಾಡಿಗೆ, ಕಬ್ಬಿಣ ಉಜ್ಜುವ ಅರ, ನೀಲಿ ಬಟ್ಟೆ ಎಂದು ಮಾವ ಜಮೀನಿನ ಒಡೆಯರ ಹತ್ತಿರ ಮುನ್ನೂರು ರೂಪಾಯಿ ತಂದರು. ಬಡ್ಡಿಯನ್ನು ದುಡ್ಡಿನಲ್ಲಿ ಕೊಡಬೇಕಿರಲಿಲ್ಲ. ಬಡ್ಡಿ ಅಂದರೆ ನಾನು. ಅಸಲು ತೀರುವ ತನಕ ದಿನಾ ಬೆಳಿಗ್ಗೆ ಒಡೆಯರ ಮನೆಗೆ ಹೋಗಿ ಭತ್ತ ಕುಟ್ಟಿ ಕೊಡಬೇಕು. ಕೂಲಿ ಇಲ್ಲ.

"ಎರಡೇ ವರ್ಷ ಕಣೆ," ಎಂದಿದ್ದರು ನಮ್ಮವರು. "ಪಾಸಾದ್ರೆ ಸಂಬಳ ಬರ್ತದೆ. ಆಮೇಲೆ ನೀನು ಅವ್ರ ಒನಕೆ ಮುಟ್ಟೋದ್ ಬ್ಯಾಡ."

ನಾನು ಕುಟ್ಟಿದೆ. ಮೊದಲ ತಿಂಗಳು ಅಂಗೈಯಲ್ಲಿ ಬೊಬ್ಬೆ ಎದ್ದವು. ಆಮೇಲೆ ದಡ್ಡುಗಟ್ಟಿತು. ಬಿಸಿ ಪಾತ್ರೆ ಹಿಡಿದರೂ ಗೊತ್ತಾಗುತ್ತಿರಲಿಲ್ಲ. ಮನಸ್ಸೂ ಹಾಗೇ ಆಯಿತು. ದಿನ ಎಣಿಸುವುದನ್ನು ಯಾವಾಗ ಬಿಟ್ಟೆನೋ ನೆನಪಿಲ್ಲ.

ಎರಡನೇ ವರ್ಷದ ಆಯುಧಪೂಜೆಗೆ ನಮ್ಮವರು ಹೊಸನಗರದ ಮೇಲೆ ಬರುವ ಬಸ್ಸಿನಲ್ಲಿ ಊರಿಗೆ ಬಂದರು. ಎಣ್ಣೆ ಬಟ್ಟೆಯಲ್ಲಿ ಏನನ್ನೋ ಸುತ್ತಿ ತಂದಿದ್ದರು. ಚೌಕದ ತೂತಿರುವ ಒಂದು ಉಕ್ಕಿನ ತಗಡು, ಆ ತೂತಿಗೆ ಕೂರುವ ಒಂದು ಬಿಲ್ಲೆ. ಎರಡು ತಿಂಗಳು ಅರದಿಂದ ಉಜ್ಜಿ ಮಾಡಿದ್ದಂತೆ. ಬಿಲ್ಲೆಯನ್ನು ಕೂರಿಸಿ ಬೆಳಕಿಗೆ ಹಿಡಿದರೆ ಸಂದಿಯಲ್ಲಿ ಒಂದು ಗೆರೆ ಬೆಳಕೂ ಕಾಣಬಾರದು. ಆ ವಾರವೇ ಅದನ್ನು ಪರೀಕ್ಷೆಯವರ ಮುಂದೆ ಇಡಬೇಕಿತ್ತು. ಸಾಲ ಮಾಡಿದ ಅಪ್ಪ ಒಮ್ಮೆ ಕಣ್ಣಾರೆ ನೋಡಲಿ ಎಂದು ಮೇಷ್ಟರನ್ನು ಕಾಡಿ ಬೇಡಿ ತಂದಿದ್ದರು. ಜಗಲಿಯ ಮೇಲಿಟ್ಟು ಹೊಳೆಗೆ ಸ್ನಾನಕ್ಕೆ ಹೋದರು.

ನೇಗಿಲ ಗುಳ, ಕತ್ತಿ, ಗುದ್ದಲಿ ಎಲ್ಲ ತೊಳೆದು ದೇವರ ಮುಂದೆ ಇಟ್ಟಾಗಿತ್ತು. "ಗಂಡನ ಕಬ್ಬಿಣ ಬಿಟ್ಯಲ್ಲೇ," ಎಂದರು ಅತ್ತೆ. ಸುತ್ತಿದ್ದ ಎಣ್ಣೆ ಬಟ್ಟೆ ತೆಗೆದೆ. ತಗಡು, ಬಿಲ್ಲೆ ಎರಡಕ್ಕೂ ಜಿಡ್ಡು. ಹುಣಸೆಹಣ್ಣು, ಬೂದಿ ಹಾಕಿ ಹಂಡೆ ಬೆಳಗುವ ಹಾಗೆ ತಿಕ್ಕಿದೆ. ಫಳಫಳ ಹೊಳೆಯಿತು. ಒದ್ದೆ ಅರಿಸಿನ ಕುಂಕುಮ ಬಳಿದು, ತೊಳೆದ ಹೂವು ಏರಿಸಿದೆ. ಮಾವ ಆರತಿ ಎತ್ತಿದರು.

ನಮ್ಮವರು ಒದ್ದೆ ತಲೆಯಲ್ಲೇ ಬಂದು ನಿಂತರು.

"ಅಯ್ಯೋ, ಎಂತ ಮಾಡಿದ್ಯೇ ಮಾರಾಯ್ತಿ! ಅಪ್ಪಯ್ಯಾ, ಅದನ್ನ ತೆಗೀತೀನಿ. ಎಣ್ಣೆ ಹೋದ್ರೆ ತುಕ್ಕು ಹಿಡೀತದೆ."

"ಪೂಜೆಗಿಟ್ಟಿದ್ದನ್ನ ನಾಳೆ ಆರತಿ ಆಗೋ ತನಕ ಮುಟ್ಟೋ ಹಂಗಿಲ್ಲ," ಎಂದರು ಮಾವ. "ನನ್ ಕತ್ತಿಗೆ ಆಗದೇ ಇದ್ದಿದ್ದು ನಿನ್ ಬಿಲ್ಲೆಗೆ ಆಗ್ತದಾ? ಕಬ್ಬಿಣವೋ ಅದು, ಹಪ್ಪಳವೋ?"

ಅತ್ತೆ ನಕ್ಕರು. ನಾನೂ ನಕ್ಕೆ.

ಮರುದಿನ ಹೂವು ಸರಿಸಿದಾಗ ಕೆಳಗೆ ಕಂದು ಕಲೆ. ನಮ್ಮವರು ಬೈಯಲಿಲ್ಲ. ಎಮರಿ ಕಾಗದ ತೆಗೆದುಕೊಂಡು ಉಜ್ಜುತ್ತಾ ಕೂತರು. ಕಲೆ ಹೋಯಿತು, ಅದರ ಜೊತೆ ಕೂದಲಿನಷ್ಟು ಉಕ್ಕೂ ಹೋಯಿತು. ಬಿಲ್ಲೆ ಕೂರಿಸಿ ಬಾಗಿಲ ಬೆಳಕಿಗೆ ಹಿಡಿದು ನನ್ನನ್ನು ಕರೆದು ತೋರಿಸಿದರು. ಒಂದು ಬದಿಯಲ್ಲಿ ಬೆಳಕು ಸಣ್ಣಗೆ ಒಳಗೆ ಬರುತ್ತಿತ್ತು.

ಆ ಸಲ ಫೇಲಾದರು. ಮತ್ತೆ ಪರೀಕ್ಷೆಗೆ ಆರು ತಿಂಗಳು ಕಾಯಬೇಕು. ಅಷ್ಟು ದಿನ ಸರ್ಕಾರದ ದುಡ್ಡೂ ಇಲ್ಲ. ಮಾವ ಇನ್ನೂ ನೂರು ರೂಪಾಯಿ ತಂದರು. ಸುದ್ದಿ ಕೇಳಿ ನನಗೆ ಅಳು ಬರಬೇಕಿತ್ತು. ಬರಲಿಲ್ಲ. ಹೋಗಿ ಒನಕೆ ಎತ್ತಿಕೊಂಡೆ.

ಮುಂದಿನ ಸಲ ಪಾಸಾದರು. ಸಾಗರದ ಒಂದು ವರ್ಕ್‌ಶಾಪಿನಲ್ಲಿ ತಿಂಗಳಿಗೆ ಎಪ್ಪತ್ತು ರೂಪಾಯಿ ಸಂಬಳ. ನಮ್ಮ ಕೇರಿಯಲ್ಲಿ ಅಷ್ಟು ನಗದು ಕಂಡವರಿರಲಿಲ್ಲ, ನಾವೂ ಕಾಣಲಿಲ್ಲ. ಕೋಣೆ, ಊಟ ಕಳೆದು ಹದಿನೈದೋ ಇಪ್ಪತ್ತೋ ಮನಿಯಾರ್ಡರ್ ಬರುತ್ತಿತ್ತು. ಪೋಸ್ಟಿನವನ ಕೈಯಿಂದ ಮಾವನ ಕೈಗೆ, ಮಾವನ ಕೈಯಿಂದ ಒಡೆಯರ ಕೈಗೆ. ಹೀಗೆ ಎರಡು ವರ್ಷದ ಮೇಲಾಯಿತು.

ಕೊನೆಯ ಕಂತನ್ನು ನಮ್ಮವರೇ ತಂದು ಒಡೆಯರಿಗೆ ಕೊಟ್ಟರು. ನಾನು ಹಿತ್ತಿಲ ಕಡೆ ಕುಟ್ಟುತ್ತಿದ್ದೆ. ಒಡೆಯರ ಹೆಂಡತಿ ಬಂದು, "ಸಾಲ ತೀರ್ತು ಕಣೇ. ನಾಳೆಯಿಂದ ಬರೋದ್ ಬ್ಯಾಡ," ಎಂದರು.

ಹೂಂ ಎಂದೆ. ಸಂತೋಷ ಆಗುತ್ತದೇನೋ ಎಂದು ಸ್ವಲ್ಪ ಹೊತ್ತು ನಿಂತೆ. ಏನೂ ಆಗಲಿಲ್ಲ. ಒನಕೆಯನ್ನು ಗೋಡೆಗೆ ಒರಗಿಸಿದೆ.

"ಒರಳಲ್ಲಿ ಇರೋದನ್ನ ಮುಗ್ಸಿ ಹೋಗೆ."

"ಇದಕ್ಕೆ ಎಷ್ಟು ಕೊಡ್ತೀರಿ ಅಮ್ಮಾ?"

ಹಾಗೆ ಕೇಳುತ್ತೇನೆಂದು ನನಗೇ ಗೊತ್ತಿರಲಿಲ್ಲ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಅಬ್ಬಾ, ಫಿಟ್ಟರ್ ಹೆಂಡ್ತಿಯ ಬಾಯಿ ನೋಡು!" ಎಂದು ಒಳಗೆ ಹೋಗಿ ಅರ್ಧ ಸೇರು ಅಕ್ಕಿ ತಂದರು. "ಸಾಕಾ?"

"ಒಂದು ಸೇರು," ಎಂದೆ.

ಗೊಣಗುತ್ತಾ ಹೋಗಿ ಇನ್ನರ್ಧ ಸೇರು ತಂದರು. ಸೆರಗೊಡ್ಡಿ ಹಾಕಿಸಿಕೊಂಡು, ಗಂಟು ಕಟ್ಟಿ ಪಕ್ಕಕ್ಕಿಟ್ಟೆ. ಆಮೇಲೆ ಒರಳಲ್ಲಿದ್ದ ಭತ್ತ ಕುಟ್ಟಿದೆ.