ಅತ್ತಿಗೆಯ ಜರ್ಬೆರಾ ಮತ್ತು ಕಾಲರ್ ಮಾಸ್ಟರ್

ನಮ್ಮ ಬೀದಿಯ ದರ್ಜಿಗೆ ಅಪ್ಪ ಅಮ್ಮ ಇಟ್ಟ ಹೆಸರು ಏನಿತ್ತೋ, ಈಗ ಅವನ ಹೆಂಡತಿಗೂ ತಟ್ಟನೆ ನೆನಪಾಗಲಿಕ್ಕಿಲ್ಲ. ಎಲ್ಲರ ಬಾಯಲ್ಲೂ ಅವನು ಕಾಲರ್ ಮಾಸ್ಟರ್. ಅಂಗಿ ಹರಿದು ನೆಲ ಒರೆಸುವ ಬಟ್ಟೆಯಾದ ಮೇಲೂ ಅವನು ಕೂರಿಸಿದ ಕಾಲರ್ ನೆಟ್ಟಗೆ ನಿಂತಿರುತ್ತದಂತೆ. ವಯಸ್ಸು ಐವತ್ತೆರಡು, ಕೊರಳಲ್ಲಿ ಅಳತೆ ಟೇಪು, ತುಟಿಗಳ ನಡುವೆ ಸದಾ ನಾಲ್ಕೈದು ಗುಂಡುಸೂಜಿ. ಬಾಯಲ್ಲಿ ಸೂಜಿ ಇರುವಷ್ಟು ಹೊತ್ತೂ ಅವನಿಂದ ಹೊರಡುವುದು ಒಂದೇ ಮಾತು, "ಹೂಂ." ತೋಳು ಗಿಡ್ಡವಾಯಿತು ಎಂದು ಗಿರಾಕಿ ಕೂಗಾಡಿದರೂ ಹೂಂ, ಮನೆಗೆ ಬೆಂಕಿ ಬಿದ್ದಿದೆ ಎಂದು ಹೆಂಡತಿ ಓಡಿ ಬಂದರೂ ಹೂಂ. ಇನ್ನೊಂದು ಚಾಳಿಯೂ ಇತ್ತು. ಎಲ್ಲಾದರೂ ದಾರದ ತುದಿ ಇಣುಕಿದ್ದು ಕಂಡರೆ ಕತ್ತರಿ ಆಡಿಸದೆ ಬಿಡುವ ಆಸಾಮಿಯಲ್ಲ. ಬಸ್ಸಿನಲ್ಲಿ ಮುಂದಿನ ಸೀಟಿನವರ ಅಂಗಿಯ ದಾರ ಕತ್ತರಿಸಲು ಹೋಗಿ ಬೈಸಿಕೊಂಡಿದ್ದೂ ಉಂಟು.

ಅವನನ್ನು ಒಬ್ಬ ಮನುಷ್ಯ ಅಂತ ಮಾಡಿದವರು ಅತ್ತಿಗೆ. ತಾಯಿ ತೀರಿಕೊಂಡಾಗ ಅವನಿಗೆ ಒಂಬತ್ತು ವರ್ಷ, ಅಣ್ಣನ ಕೈಹಿಡಿದು ಬಂದ ಅತ್ತಿಗೆಗೆ ಇಪ್ಪತ್ತು. ತಲೆ ಬಾಚಿದರು, ಮಗ್ಗಿ ಬಾಯಿಪಾಠ ಮಾಡಿಸಿದರು, ಓದು ತಲೆಗೆ ಹತ್ತುವುದಿಲ್ಲ ಎಂದು ಖಾತ್ರಿಯಾದಾಗ ಕೈ ಹಿಡಿದು ದರ್ಜಿಯ ಅಂಗಡಿಗೆ ಬಿಟ್ಟು ಬಂದರು. ಈಗಲೂ ಅವನನ್ನು 'ಮರಿ' ಎಂದೇ ಕರೆಯುವುದು.

ಅಣ್ಣ ಬಸ್ ಕಂಡಕ್ಟರ್ ಆಗಿದ್ದ. ತೀರಿಕೊಳ್ಳುವ ಹಿಂದಿನ ವರ್ಷ, ಯಾವುದೋ ಊರಿನಿಂದ ಒಂದು ಜರ್ಬೆರಾ ಸಸಿಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಟಿಕೆಟ್ ಚೀಲದಲ್ಲಿ ಇಟ್ಟುಕೊಂಡು ತಂದಿದ್ದ. ಅವನು ಹೆಂಡತಿಗೆಂದು ತಂದ ಕೊನೆಯ ವಸ್ತು ಅದೇ. ಅಂಗೈಯಗಲದ ಕೇಸರಿ ಹೂವು, ನಡುವೆ ಕಪ್ಪು ಬೊಟ್ಟು, ಎಲೆಯೇ ಇಲ್ಲದ ಉದ್ದನೆಯ ದಂಟು. ಅತ್ತಿಗೆ ಅದನ್ನು ಬಣ್ಣದ ಡಬ್ಬಿಯೊಂದರಲ್ಲಿ ನೆಟ್ಟು, ಬಾಲ್ಕನಿಯಲ್ಲಿ ಬೆಳಗಿನ ಬಿಸಿಲು ಬೀಳುವ ಮೂಲೆಗೆ ಇಟ್ಟಿದ್ದರು. ಅಣ್ಣ ಹೋದ ಮೇಲೆ ಅವರ ದಿನದ ಮೊದಲ ಮಾತು ಆ ಡಬ್ಬಿಯ ಹತ್ತಿರವೇ.

ಅತ್ತಿಗೆಯ ಎರಡು ಕಣ್ಣಿಗೂ ಪೊರೆ ಬಂತು. ಮಗಳ ಊರಿನಲ್ಲಿ ಒಳ್ಳೆಯ ಕಣ್ಣಾಸ್ಪತ್ರೆ ಇತ್ತು, ಒಂದಾದ ಮೇಲೆ ಒಂದು ಕಣ್ಣಿನ ಆಪರೇಷನ್ ಮಾಡಿಸಿಕೊಂಡು ಬರಲು ಆರು ವಾರ ಬೇಕು. ಹೊರಡುವ ದಿನ ಬೀಗದ ಕೈ ಕೊಡಲು ಅಂಗಡಿಗೆ ಬಂದರು. ಮಾಸ್ಟರ್ ಅವಸರದ ಗಿರಾಕಿಯೊಬ್ಬನ ಕಾಲರಿಗೆ ಸೂಜಿ ಚುಚ್ಚುತ್ತಿದ್ದ.

"ನೋಡು ಮರಿ, ಹೂ ಬಾಡಿದ್ರೆ ಕತ್ತರಿ ಮುಟ್ಟಿಸಬೇಡ. ದಂಟನ್ನ ಬುಡದಲ್ಲಿ ಹಿಡಿದು ಸ್ವಲ್ಪ ತಿರುಚಿ ಎಳಿ, ಪೂರ್ತಿ ಕೈಗೆ ಬರುತ್ತೆ. ಮೋಟು ಉಳಿದ್ರೆ ಕೊಳೆಯುತ್ತೆ. ಗಿಡದ ಕುತ್ತಿಗೆ ಮಣ್ಣಿಂದ ಮೇಲೇ ಇರಲಿ, ಮುಚ್ಚಬೇಡ. ನೀರು ಅಂಚಿಗೆ ಹಾಕು, ನಡುವೆ ಬೇಡ. ಕೇಳಿಸ್ತಾ?"

"ಹೂಂ."

ಪಾಪ, ಅವರು ನಂಬಿ ಹೋದರು.

ಮೊದಲ ವಾರವೇ ಮಾಸ್ಟರ್ ಬಾಲ್ಕನಿಯಲ್ಲಿ ತನ್ನ ಅಚ್ಚುಕಟ್ಟುತನ ಮೆರೆದ. ಬಾಡಿದ ಹೂಗಳನ್ನು ಕಂಡದ್ದೇ ತಡ, ಜೇಬಿನಿಂದ ದಾರ ಕತ್ತರಿ ತೆಗೆದು ಕಚಕ್ ಕಚಕ್ ಎಂದು ಎಲ್ಲ ದಂಟುಗಳನ್ನೂ ಒಂದೇ ಎತ್ತರಕ್ಕೆ ಕತ್ತರಿಸಿದ. ಗಿಡದ ಬುಡ ಮಣ್ಣಿನಿಂದ ಎದ್ದು ನಿಂತದ್ದು ಅವನ ಕಣ್ಣಿಗೆ ಸಡಿಲವಾದ ಗುಂಡಿಯ ಹಾಗೆ ಕಂಡಿತು. ಸುತ್ತ ಮಣ್ಣು ಏರಿಸಿ, ಹೆಬ್ಬೆರಳಿನಿಂದ ಒತ್ತಿ ಗಟ್ಟಿ ಮಾಡಿದ. ನಡು ನೆತ್ತಿಗೆ ಒಂದು ಚೊಂಬು ನೀರು ಸುರಿದು, ನಾಲ್ಕು ಹೆಜ್ಜೆ ಹಿಂದೆ ಸರಿದು ನೋಡಿ ತಲೆದೂಗಿದ. ಅಂಗಿಯಾಗಿದ್ದರೆ ಅದು ಬಹಳ ಚೆನ್ನಾದ ಅಂಗಿಯೇ.

ಮೂರನೇ ವಾರ ಎಲೆಗಳು ಸೋತು ಮಲಗಿದವು. ಬಾಯಾರಿಕೆ ಇರಬೇಕೆಂದು ಇನ್ನೂ ನೀರು ಹಾಕಿದ. ಒಂದು ಬೆಳಿಗ್ಗೆ ಎಲೆಯನ್ನು ಮೆಲ್ಲಗೆ ಎತ್ತಲು ಹೋದರೆ ಎಲೆಯೂ ಬೇರೂ ಕೂಡುವ ಇಡೀ ಬುಡ್ಡೆಯೇ ಕೈಗೆ ಬಂತು. ಕಪ್ಪಗಾಗಿ, ಮೆತ್ತಗಾಗಿ, ನಾರುತ್ತಿತ್ತು. ಕತ್ತರಿಸಿದ ಮೋಟುಗಳು ಒಂದೊಂದೂ ಒಳಮುಖವಾಗಿ ಕೊಳೆತಿದ್ದವು. ಆಗ ಅತ್ತಿಗೆ ಹೇಳಿದ್ದರಲ್ಲಿ ಒಂದು ತುಣುಕು ಕಿವಿಗೆ ಬಂತು, ಮೋಟು ಉಳಿದ್ರೆ ಕೊಳೆಯುತ್ತೆ. ಅವನು ಬಾಲ್ಕನಿಯ ನೆಲದಲ್ಲೇ ಕುಕ್ಕರಿಸಿದ. ಅಣ್ಣನನ್ನು ಎರಡನೇ ಸಲ ಕಳೆದುಕೊಂಡ ಹಾಗಾಯಿತು, ಅದೂ ತನ್ನ ಕೈಯಾರೆ.

ಸಂಜೆ ಫೋನ್ ಬಂತು. "ಒಂದು ಕಣ್ಣಿನ ಪಟ್ಟಿ ಬಿಚ್ಚಿದ್ರು ಮರಿ. ಗಿಡ ಹೇಗಿದೆ?"

"ಚೆನ್ನಾಗಿದೆ ಅತ್ತಿಗೆ. ಎರಡು ಮೊಗ್ಗು."

ಬಾಯಿಂದ ಜಾರಿತ್ತು. ಅಂದಿನಿಂದ ಅವನಿಗೆ ಊಟ ಸೇರದು. ಗೋಡೆಗಂಟಿದ್ದ ಒಂದು ಒಣ ಎಸಳನ್ನು ಅಂಗಡಿಗೆ ತಂದು, ದಾರದ ಉಂಡೆಗಳನ್ನೆಲ್ಲ ಹರಡಿ, ಬೆಳಕಿಗೆ ಹಿಡಿದು ಹಿಡಿದು, ಬಾಡುವ ಮುಂಚಿನ ಬಣ್ಣವನ್ನು ನೆನೆದುಕೊಂಡು, ಕೊನೆಗೆ ಒಂದು ಕೇಸರಿ ದಾರ ಆರಿಸಿದ. ಆ ಉಂಡೆಯನ್ನು ಜೇಬಿನಲ್ಲಿಟ್ಟುಕೊಂಡು ಮೂರು ನರ್ಸರಿ ಸುತ್ತಿದ. ಮೂರನೆಯದರಲ್ಲಿ ಹೂವಿನ ಮೇಲೆ ದಾರ ಇಟ್ಟರೆ ದಾರ ಕಾಣಿಸಲೇ ಇಲ್ಲ. ನಡುವೆ ಕಪ್ಪು ಬೊಟ್ಟೂ ಇತ್ತು. ಆ ಗಿಡವನ್ನು ಕೊಂಡು ತಂದು ಅತ್ತಿಗೆಯ ಹಳೆಯ ಡಬ್ಬಿಯಲ್ಲೇ ನೆಟ್ಟು, ಅದೇ ಮೂಲೆಗೆ ಇಟ್ಟ. ಹಳೆಯ ಬುಡ್ಡೆಯನ್ನು ಎಸೆಯಲು ಮಾತ್ರ ಕೈ ಏಳಲಿಲ್ಲ. ಒಣಗಿಸಿ, ಗುಂಡಿಗಳ ಖಾಲಿ ಡಬ್ಬದಲ್ಲಿ ಹಾಕಿ, ಮಷಿನ್ನಿನ ಕೆಳಗೆ ಇಟ್ಟ. ಪೆಡಲ್ ತುಳಿದಾಗಲೆಲ್ಲ ಅದು ಒಳಗೆ ಕಟಕಟ ಎನ್ನುತ್ತಿತ್ತು.

ಅತ್ತಿಗೆ ಬಂದರು. ಚೀಲ ಇಳಿಸುವ ಮುಂಚೆ ಬಾಲ್ಕನಿಗೆ ಹೋದರು. ಹೂವಿನ ಮುಂದೆ ಬಗ್ಗಿ, ಬಹಳ ಹೊತ್ತು ನೋಡಿದರು.

"ಇಷ್ಟು ಹೊಳೆಯೋ ಬಣ್ಣವಾ ಇದು! ನಂಗೆ ಇಷ್ಟು ದಿನ ಮಾಸಲಾಗಿ ಕಾಣ್ತಿತ್ತು. ನಿಮ್ಮಣ್ಣ ಇಂಥದ್ದು ಆರಿಸಿದ್ದರಾ?"

ಮಾಸ್ಟರ್ ಹೂಂ ಎಂದ. ಆ ಒಂದು ಹೂಂ ಎದೆಯಲ್ಲಿ ಮುಳ್ಳಾಗಿ ನಿಂತಿತು.

ಮರುದಿನ ಬೆಳಿಗ್ಗೆ ಅವರೇ ಹೇಳಿ ಕಳಿಸಿದರು. ಹೋದರೆ, ಹಳೆಯ ಪೇಪರ್ ಹಾಸಿ, ಪಕ್ಕದಲ್ಲಿ ಚಾಕು, ಒಂದು ಖಾಲಿ ಕುಂಡ ಇಟ್ಟುಕೊಂಡು ಕೂತಿದ್ದಾರೆ.

"ಕಣ್ಣು ಕಾಣ್ತಿರಲಿಲ್ಲ ಅಂತ ಇಷ್ಟು ದಿನ ಹೆದರಿ ಬಿಟ್ಟಿದ್ದೆ. ಇವತ್ತು ಬುಡ್ಡೆ ಬಿಡಿಸಿ ಎರಡು ಮಾಡೋಣ. ಅರ್ಧ ನಿಂದು. ಅಣ್ಣನ ಗಿಡ ನಿನ್ನ ಮನೇಲೂ ಇರಲಿ."

ಅವರು ಚಾಕು ಎತ್ತಿಕೊಂಡರು. ಅಗೆದರೆ ನರ್ಸರಿಯ ಪುಟ್ಟ ಬೇರಿನ ಮುದ್ದೆ ಕಾಣುತ್ತದೆ ಎಂಬ ಹೆದರಿಕೆ ಅವನಿಗೆ ಇತ್ತು, ಸುಳ್ಳು ಏಕೆ? ಆದರೆ ಅದಕ್ಕಿಂತ ಹೆಚ್ಚಾಗಿ, ಆ ಅರ್ಧವನ್ನು ಕೈಯಲ್ಲಿ ಹಿಡಿದು ಮನೆಗೆ ನಡೆಯುವುದು ತನ್ನಿಂದ ಸಾಧ್ಯವೇ ಇಲ್ಲ ಅನ್ನಿಸಿತು.

"ಬೇಡ ಅತ್ತಿಗೆ. ಇದು ಅಣ್ಣಂದಲ್ಲ. ಅದನ್ನ ನಾನು ಸಾಯಿಸಿಬಿಟ್ಟೆ."

ಚಾಕು ಪೇಪರಿನ ಮೇಲೆ ಇಳಿಯಿತು. ಅವನು ಎಲ್ಲವನ್ನೂ ಹೇಳಿದ, ದಾರದ ಉಂಡೆಯನ್ನೂ ಬಿಡದೆ. "ಬೈಯಿರಿ," ಎಂದ. ಅವರು ಬೈಯಲಿಲ್ಲ, ಅದೇ ಕಷ್ಟವಾಯಿತು.

"ಹಳೇದೆಲ್ಲಿ?"

ಓಡಿ ಹೋಗಿ ಡಬ್ಬ ತಂದ. ಅತ್ತಿಗೆ ಬುಡ್ಡೆಯನ್ನು ಅಂಗೈಯಲ್ಲಿಟ್ಟು, ಹೊಸ ಕಣ್ಣಿಂದ ಒಂದೊಂದೇ ಮೋಟನ್ನು ನೋಡಿದರು.

"ಕತ್ತರಿ?"

"ಹೂಂ."

"ಕುತ್ತಿಗೆಗೆ ಮಣ್ಣು?"

"ಹೂಂ."

"ನಡುವೆ ನೀರು?"

"ಹೂಂ."

ಅವರ ಕಣ್ಣು ತುಂಬಿ ಹರಿಯಿತು. ಮಾಸ್ಟರ್ ಗಾಬರಿಯಾಗಿ, "ಕಣ್ಣಿಗೆ ನೀರು ಸೋಕಬಾರದು ಅಂದಿದ್ದಾರಲ್ಲ ಅತ್ತಿಗೆ!" ಎಂದ.

"ಒಳಗಿಂದ ಬರೋದಕ್ಕೆ ಡಾಕ್ಟರು ಏನೂ ಹೇಳಿಲ್ಲ." ಸೆರಗಿನ ತುದಿಯಿಂದ ಕೆನ್ನೆಯನ್ನಷ್ಟೇ ಒರೆಸಿಕೊಂಡರು. "ಆವತ್ತು ನಿನ್ನ ಬಾಯಲ್ಲಿ ಸೂಜಿ ಇತ್ತಾ?"

"ಇತ್ತು."

"ನಂಗೆ ಕಾಣಿಸಲಿಲ್ಲ ನೋಡು. ನೀನು ಕೇಳಿಸಿಕೊಂಡೆ ಅಂದ್ಕೊಂಡೆ."

ಅವನು ತಲೆ ತಗ್ಗಿಸಿದ. ಮಂಜುಗಣ್ಣಿನ ಹೆಂಗಸು ತನ್ನಲ್ಲಿದ್ದ ಒಂದೇ ಒಂದನ್ನು ಒಪ್ಪಿಸುವಾಗ ತಾನು ಯಾರದೋ ಕಾಲರ್ ನೋಡುತ್ತಿದ್ದ. ಈ ಅರಿವು ಅವನಿಗೆ ಬೈಗುಳಕ್ಕಿಂತ ಆಳಕ್ಕೆ ಇಳಿಯಿತು.

"ಈಗ ಇದೆಯಾ? ಬಾಯಿ ತೆರಿ."

ಸಕ್ಕರೆ ಕದ್ದು ಸಿಕ್ಕಿಬಿದ್ದ ಒಂಬತ್ತು ವರ್ಷದವನ ಹಾಗೆ ಐವತ್ತೆರಡರ ಮಾಸ್ಟರ್ ಬಾಯಿ ತೆರೆದು ತೋರಿಸಿದ.

"ಹಾಗಾದ್ರೆ ಕೇಳು. ಈ ಗಿಡ ಯಾರದಾದ್ರೂ ಆಗಲಿ, ಸಾಯೋದು ಬೇಡ. ಹೂ ಬಾಡಿದ್ರೆ ಕತ್ತರಿ ಮುಟ್ಟಿಸಬೇಡ. ದಂಟನ್ನ ಬುಡದಲ್ಲಿ ಹಿಡಿದು, ಸ್ವಲ್ಪ ತಿರುಚಿ ಎಳಿ. ಕುತ್ತಿಗೆ ಮಣ್ಣಿಂದ ಮೇಲೇ ಇರಲಿ. ನೀರು ಅಂಚಿಗೆ. ಇದೆಲ್ಲ ನನ್ನ ಮಾತಲ್ಲ ಮರಿ, ನಿಮ್ಮಣ್ಣ ಇದನ್ನ ತಂದ ದಿನ ಹೇಳಿಕೊಟ್ಟಿದ್ದು. ಕೇಳಿಸ್ತಾ?"

ಹೂಂ ಎನ್ನಲು ಹೋದ, ಆಗಲಿಲ್ಲ.

"ಇನ್ನೊಂದು ಸಲ ಹೇಳಿ ಅತ್ತಿಗೆ."