ಜೇಬಿನಲ್ಲಿಟ್ಟುಕೊಂಡ ಫ್ಯೂಸು

ಲಿಫ್ಟ್ ರಿಪೇರಿಯವನಿಗೆ ಅವನ ಮೇಸ್ತ್ರಿ ಕಲಿಸಿದ ಮೊದಲ ಪಾಠ ಸ್ಪ್ಯಾನರ್ ಹಿಡಿಯುವುದಲ್ಲ, ಫ್ಯೂಸು ಕಿತ್ತು ಜೇಬಿಗೆ ಹಾಕಿಕೊಳ್ಳುವುದು. ಮೊದಲು ಮಹಡಿಯ ಮೇಲಿನ ಮೋಟಾರು ಕೋಣೆಗೆ ಹತ್ತಬೇಕು, ಕರೆಂಟು ತೆಗೆಯಬೇಕು, ಫ್ಯೂಸನ್ನು ಕಿತ್ತು ಅಂಗಿಯ ಜೇಬಿನಲ್ಲಿಟ್ಟು ಮೇಲಿಂದ ಒಮ್ಮೆ ತಟ್ಟಿ ನೋಡಿಕೊಳ್ಳಬೇಕು. ಲಿಫ್ಟು ಓಡಾಡುವ ಕತ್ತಲ ಗುಂಡಿಗೆ ಇಳಿಯುವುದು ಅದಾದ ಮೇಲೆ. ಸ್ವಿಚ್ಚು ಯಾರ ಕೈಗಾದರೂ ಸಿಗುತ್ತದೆ, ಜೇಬಿನಲ್ಲಿರುವ ಫ್ಯೂಸು ಸಿಗುವುದಿಲ್ಲ ಎನ್ನುತ್ತಿದ್ದ ಮೇಸ್ತ್ರಿ. ಹದಿನಾರು ವರ್ಷದಲ್ಲಿ ಲಿಫ್ಟಿನವನು ಒಂದು ದಿನವೂ ಈ ಪಾಠ ಮೀರಿರಲಿಲ್ಲ. ಅವನ ಹತ್ತೂ ಬೆರಳು ನೆಟ್ಟಗಿದ್ದವು. ಆ ಕೆಲಸದಲ್ಲಿ ಅದು ಸಣ್ಣ ಮಾತಲ್ಲ.

ಒಂದೇ ಒಂದು ಸಲ ಕೆಲಸ ಮುಗಿದ ಮೇಲೆ ಫ್ಯೂಸನ್ನು ವಾಪಸ್ಸು ಹಾಕುವುದನ್ನೇ ಮರೆತು ಮನೆಗೆ ಬಂದುಬಿಟ್ಟಿದ್ದ. ಒಂಬತ್ತು ಮಹಡಿಯ ಜನ ಆ ಭಾನುವಾರವೆಲ್ಲ ಮೆಟ್ಟಿಲು ಹತ್ತಿಳಿದು ಅವನ ವಂಶವನ್ನೆಲ್ಲ ನೆನೆಸಿಕೊಂಡರಂತೆ. ಸಂಜೆ ಅಂಗಿ ಒಗೆಯಲು ತೆಗೆದ ಹೆಂಡತಿಯ ಕೈಗೆ ಅದು ಸಿಕ್ಕಿತು. ಅವತ್ತಿನಿಂದ ಬಂದವರ ಮುಂದೆಲ್ಲ ಅವಳದು ಇದೇ ಮಾತು: "ನಮ್ಮನೆಯವರ ಜೇಬು ನೋಡದೆ ಬಟ್ಟೆ ನೆನೆಸೋ ಹಾಗಿಲ್ಲ. ಎಷ್ಟು ಮನೆಯವರ ಕಾಲುನೋವು ಅದರಲ್ಲಿ ಕೂತಿರುತ್ತೋ."

ಅವಳು ಜೇಬು ನೋಡುತ್ತಿದ್ದಳು, ಸರಂಜಾಮಿನ ಪೆಟ್ಟಿಗೆಯನ್ನು ನೋಡುತ್ತಿರಲಿಲ್ಲ. ಕಬ್ಬಿಣದ ಆ ಪೆಟ್ಟಿಗೆಯ ತಳದಲ್ಲಿ, ಹೊಸ ಫ್ಯೂಸುಗಳನ್ನಿಡುವ ಪ್ಲಾಸ್ಟಿಕ್ ಚೀಲದೊಳಗೆ, ನಾಲ್ಕಾಗಿ ಮಡಚಿದ ಒಂದು ಹಾಳೆ ನಾಲ್ಕು ವರ್ಷದಿಂದ ಬಿದ್ದಿತ್ತು. ಅವರ ಮಗಳಿಗೂ ಈಗ ನಾಲ್ಕು ವರ್ಷ. ಒಂದು ಕಡೆ ನಿಲ್ಲದ ಅವಳನ್ನು ಮನೆಯಲ್ಲಿ ಬುಗುರಿ ಎಂದೇ ಕರೆಯುತ್ತಿದ್ದರು.

ಬುಗುರಿ ಹುಟ್ಟಿದ ದಿನ ಹೆರಿಗೆ ಕೋಣೆಯ ಹೊರಗಿನ ಬೆಂಚಿನ ಮೇಲೆ ಅವನು ಐದು ಗಂಟೆ ಕೂತಿದ್ದ. ನರ್ಸುಗಳು ಓಡುತ್ತಲೇ ಒಳಗೆ ಹೊರಗೆ ಹೋಗಿಬರುತ್ತಿದ್ದರು. ಕೊನೆಗೆ ವಯಸ್ಸಾದ ಡಾಕ್ಟರಮ್ಮ ಹೊರಗೆ ಬಂದು, ಮುಖದ ಬಟ್ಟೆ ಕೆಳಗೆಳೆದು, ಅವನ ಪಕ್ಕದಲ್ಲೇ ಕೂತರು. ನಿಂತು ಹೇಳದೆ ಕೂತದ್ದಕ್ಕೇ ಅವನಿಗೆ ಹೆದರಿಕೆಯಾಯಿತು.

"ಮಗು ಚೆನ್ನಾಗಿದೆ. ತಾಯಿನೂ ಉಳಿದಿದ್ದಾಳೆ. ಆದ್ರೆ ಗರ್ಭಕೋಶ ಹರಿದಿತ್ತು, ಹೊಲಿದಿದ್ದೀನಿ. ಇನ್ನೊಂದು ಬಸುರಿಗೆ ಆ ಹೊಲಿಗೆ ತಡೆಯುತ್ತೆ ಅಂತ ನಾನು ಹೇಳಲಾರೆ. ಇನ್ನೊಂದು ಬೇಡ. ಅವಳು ಸ್ವಲ್ಪ ಸುಧಾರಿಸಿಕೊಳ್ಳಲಿ, ನೀವೇ ನಿಧಾನವಾಗಿ ಹೇಳಿ."

ಅವನು ತಲೆಯಾಡಿಸಿದ. ಮನೆಗೆ ಕಳಿಸುವ ದಿನ ಕೈಗೆ ಬಂದ ಫೈಲಿನಲ್ಲಿ ಎರಡು ಹಾಳೆಗಳಿದ್ದವು. ಮೊದಲನೆಯದರಲ್ಲಿ ಸೇರಿದ ತಾರೀಕು, ಆಪರೇಷನ್ ಆದದ್ದು, ಮಗುವಿನ ತೂಕ. ಒಳಗೆ ಏನಾಯಿತು, ಮುಂದೆ ಏನಾಗಬಾರದು ಎಂಬುದೆಲ್ಲ ಎರಡನೆಯದರಲ್ಲಿತ್ತು. ಹೆಂಡತಿ ಆಗ ಹಾಲು ಕಡಿಮೆಯಾಯಿತೆಂದು ಅಳುತ್ತಿದ್ದಳು, ಮಗು ಸೀನಿದರೂ ಅಳುತ್ತಿದ್ದಳು. ಅವಳ ಕಣ್ಣಿಗೆ ಬೀಳದಿರಲೆಂದು ಎರಡನೆಯ ಹಾಳೆಯನ್ನು ಎಳೆದು ಮಡಚಿ ಜೇಬಿಗೆ ಹಾಕಿಕೊಂಡು, ಮೇಲಿಂದ ಒಮ್ಮೆ ತಟ್ಟಿ ನೋಡಿಕೊಂಡ. ಮನೆಗೆ ಬಂದು ಅದನ್ನು ಪೆಟ್ಟಿಗೆಯ ತಳಕ್ಕೆ ಸೇರಿಸಿ, ಒಂದು ತಿಂಗಳು ಕಳೆಯಲಿ, ಹೇಳುತ್ತೇನೆ ಎಂದುಕೊಂಡ.

ತಿಂಗಳು ಕಳೆಯಿತು. ಅದೇ ಡಾಕ್ಟರಮ್ಮ ಕಾಪರ್-ಟಿ ಹಾಕಿ ಕಳಿಸಿದರು. ಎಲ್ಲರಿಗೂ ಹಾಕುವ ಹಾಗೆ ಎರಡು ಮಕ್ಕಳ ನಡುವಿನ ಅಂತರಕ್ಕೆಂದು ತನಗೂ ಹಾಕಿದ್ದಾರೆ ಎಂದು ಹೆಂಡತಿ ತಿಳಿದಳು. ಇವಳಿಗೆ ಎಲ್ಲ ಗೊತ್ತು ಎಂದು ಡಾಕ್ಟರಮ್ಮ ತಿಳಿದರು. ನಡುವೆ ನಿಂತಿದ್ದವನು ಇಬ್ಬರ ಮುಖವನ್ನೂ ನೋಡಿ ಸುಮ್ಮನಾದ. ವರ್ಷ ತುಂಬುವುದರೊಳಗೆ ಡಾಕ್ಟರಮ್ಮ ಊರು ಬಿಟ್ಟು ಹೋದರು. ಅದಾದ ಮೇಲೆ ಆ ಮಾತನ್ನು ಬಲ್ಲವನು ಅವನೊಬ್ಬನೇ.

ಹೆಂಡತಿ ಶಾಲೆಯ ಸಮವಸ್ತ್ರ ಹೊಲಿಯುವ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಬೆಳೆಯುವ ಮಕ್ಕಳ ಬಟ್ಟೆಗೆ ಒಳಗೆ ಎರಡು ಬೆರಳಗಲ ಮಡಚಿ ಬಿಡದೆ ಅವಳು ಹೊಲಿದದ್ದೇ ಇಲ್ಲ. ಯಾವ ವಿಷಯವನ್ನೂ ನೇರವಾಗಿ ಕೇಳುವುದು ಅವಳ ಜಾಯಮಾನವಲ್ಲ. ಒಂದು ಭಾನುವಾರ ಮಧ್ಯಾಹ್ನ ಬುಗುರಿ ಎಳೆಮಗುವಾಗಿದ್ದಾಗಿನ ಬಟ್ಟೆಗಳನ್ನೆಲ್ಲ ಟ್ರಂಕಿನಿಂದ ತೆಗೆದು ಮಂಚದ ಮೇಲೆ ಹರಡಿಕೊಂಡು ಕೂತಳು. ಅಂಗೈಯಗಲದ ಅಂಗಿಗಳು, ಬೊಂಬೆಗೆ ಹಾಕುವಂಥ ಟೋಪಿಗಳು. ಕಿಟಕಿಯ ಹತ್ತಿರ ಬೂಟು ಒರೆಸುತ್ತಿದ್ದ ಗಂಡನ ಕಡೆ ತಿರುಗದೆಯೇ ಕೇಳಿದಳು:

"ಇವನ್ನ ಯಾರಿಗಾದ್ರೂ ಕೊಟ್ಬಿಡ್ಲಾ, ಇಟ್ಕೊಳ್ಳಾ?"

ಕೊಟ್ಟುಬಿಡು ಎಂದರೆ ಯಾಕೆ ಎನ್ನುತ್ತಾಳೆ. ಯಾಕೆ ಎಂದರೆ ಪೆಟ್ಟಿಗೆಯ ತಳಕ್ಕೆ ಕೈ ಹಾಕಬೇಕು. ಬೂಟಿನ ಮೇಲೆ ಬಟ್ಟೆ ಎರಡು ಸಲ ಓಡಾಡಿತು.

"ಇಟ್ಕೊ," ಎಂದ.

ಅವಳು ಒಂದೊಂದನ್ನೇ ಮಡಚಿ ಟ್ರಂಕಿಗೆ ಹಾಕಿದಳು. ಹಾಕುತ್ತಾ ಸಣ್ಣಗೆ ನಗುತ್ತಿದ್ದುದನ್ನು ಅವನು ನೋಡಿದ. ನೋಡಿಯೂ ಬೂಟು ಒರೆಸಿದ.

ಮುಂದಿನ ಎರಡು ವಾರ ಅವನು ಬಾಯಿಗೆ ಬಂದ ನೆಪಗಳನ್ನೆಲ್ಲ ಹೇಳಿದ. ಬುಗುರಿ ಮೊದಲು ಶಾಲೆಗೆ ಹೋಗಲಿ ಎಂದ. ಇರುವ ಎರಡು ಕೋಣೆಯಲ್ಲಿ ತೊಟ್ಟಿಲು ಎಲ್ಲಿಡುವುದು ಎಂದ. ಹೊಲಿಗೆ ಮಿಷನ್ ಆ ಕಡೆ ಸರಿಸಿದರೆ ಎರಡು ತೊಟ್ಟಿಲು ಹಿಡಿಸುತ್ತವೆ ಎಂದು ಅವಳು ಟೇಪು ಹಿಡಿದು ಅಳೆದೇ ತೋರಿಸಿದಳು. "ಲಿಫ್ಟಲ್ಲಿ ನಾಲ್ಕು ಜನ ಅಂತ ಬರೆದಿದ್ರೆ ನಾಲ್ಕು ಜನ ಹತ್ತಬಹುದು ತಾನೆ? ನಾವಿನ್ನೂ ಮೂರೇ ಜನ," ಎಂದು ತಮಾಷೆ ಮಾಡಿದಳು. ಆಮೇಲೆ ಇದ್ದಕ್ಕಿದ್ದ ಹಾಗೆ ಆ ಮಾತೆತ್ತುವುದನ್ನೇ ಬಿಟ್ಟಳು. ಅವನು ಅದನ್ನು ತನ್ನ ಗೆಲುವೆಂದುಕೊಂಡ. ಕಾಪರ್-ಟಿ ಇದೆಯಲ್ಲ, ಹಾಳೆ ತನ್ನ ಹತ್ತಿರ ಇದೆಯಲ್ಲ, ಇನ್ನು ಯಾವುದೂ ತನ್ನ ಕೈ ಮೀರಿ ಓಡುವುದಿಲ್ಲ ಎಂದುಕೊಂಡ.

ಎರಡು ತಿಂಗಳಾದ ಮೇಲೆ ಹಳೆಯ ಕಚೇರಿಯೊಂದರ ಲಿಫ್ಟನ್ನು ತಪಾಸಣೆ ಮಾಡುವ ಕೆಲಸ ಬಂತು. ಉಕ್ಕಿನ ಹಗ್ಗವನ್ನು ಪರೀಕ್ಷಿಸುವ ಅವನ ಕ್ರಮ ಹಳೆಯದು. ಫ್ಯೂಸು ಕಿತ್ತು, ಕೈಗೆ ದಪ್ಪ ಗವಸು ಹಾಕಿಕೊಂಡು, ಹಳೆ ಹತ್ತಿಬಟ್ಟೆಯೊಂದನ್ನು ಹಗ್ಗಕ್ಕೆ ಸುತ್ತಿ ಮೆಲ್ಲಗೆ ಜಾರಿಸುತ್ತಾ ಹೋಗುವುದು. ಕಣ್ಣಿಗೆ ಕಾಣದ ಮುರಿದ ಎಳೆ ಇದ್ದರೆ ಬಟ್ಟೆ ಅಲ್ಲಿ ಸಿಕ್ಕಿಕೊಳ್ಳುತ್ತದೆ. ಅವತ್ತು ಒಂದು ಮೊಳದೊಳಗೆ ಮೂರು ಕಡೆ ಸಿಕ್ಕಿಕೊಂಡಿತು. ಕಚೇರಿಯ ಮ್ಯಾನೇಜರನಿಗೆ ಸಿಟ್ಟು ಬಂತು. ಬೆಳಿಗ್ಗೆವರೆಗೆ ಚೆನ್ನಾಗಿಯೇ ಓಡುತ್ತಿತ್ತಲ್ಲ ಎಂದು ದಬಾಯಿಸಿದ.

"ಬೀಳೋ ದಿನದವರೆಗೂ ಚೆನ್ನಾಗೇ ಓಡುತ್ತೆ ಸಾರ್," ಎಂದ ಲಿಫ್ಟಿನವನು. ಹೇಳಿದ ಮೇಲೆ ತನ್ನ ಮಾತೇ ತನಗೆ ತಿರುಗಿ ಬಡಿದಂತಾಯಿತು. ಫ್ಯೂಸನ್ನು ವಾಪಸ್ಸು ಹಾಕಲಿಲ್ಲ. ಹೊಸ ಹಗ್ಗ ಬರುವವರೆಗೆ ಲಿಫ್ಟು ಓಡಕೂಡದೆಂದು ಬರೆದುಕೊಟ್ಟು, ಪೆಟ್ಟಿಗೆ ಎತ್ತಿಕೊಂಡು ಹೊರಟ. ಬಸ್ಸಿನಲ್ಲಿ ಕೂತು, ಇವತ್ತು ಮನೆಗೆ ಹೋದವನೇ ಹೇಳಿಬಿಡಬೇಕೆಂದು ಗಟ್ಟಿ ಮಾಡಿಕೊಂಡ.

ಮನೆಯಲ್ಲಿ ಇನ್ನೂ ಬಿಸಿಲಿತ್ತು. ಹೆಂಡತಿ ಕೆಲಸದಿಂದ ಬೇಗ ಬಂದಿದ್ದಳು. ಟ್ರಂಕು ತೆರೆದಿತ್ತು. ಬುಗುರಿ ಬೀರುವಿನೊಳಗೆ ನಿಂತು, ಬಾಗಿಲು ತೆಗೆದು ಹಾಕಿ, ಎಷ್ಟನೇ ಮಹಡಿ, ಎಷ್ಟನೇ ಮಹಡಿ ಎಂದು ಎಲ್ಲರನ್ನೂ ಕೇಳುತ್ತಿದ್ದಳು. ಅವಳ ಬೊಂಬೆಯ ತಲೆಗೆ ಎಳೆಮಗುವಿನ ಟೋಪಿ ಹಾಕಿತ್ತು.

"ಕೂತ್ಕೊಳ್ರೀ," ಎಂದಳು ಹೆಂಡತಿ. "ತಿಂಗಳ ದಿನ ದಾಟಿ ಒಂಬತ್ತು ದಿನ ಆಯ್ತು."

ಅವನಿಗೆ ನಂಬಿಕೆಯಾಗಲಿಲ್ಲ. "ಕಾಪರ್-ಟಿ ಇದೆಯಲ್ಲ," ಎಂದ.

ಅವಳು ನಾಚಿಕೊಂಡೇ ಹೇಳುತ್ತಾ ಹೋದಳು. ಬೀದಿಯ ಮೂಲೆಯ ಕ್ಲಿನಿಕ್ಕಿಗೆ ಹೊಸ ಡಾಕ್ಟರು ಬಂದಿದ್ದಾರೆ, ಚಿಕ್ಕ ವಯಸ್ಸಿನವರು, ಒಳ್ಳೆಯವರು. ಎರಡು ತಿಂಗಳ ಹಿಂದೆಯೇ ಹೋಗಿ ತೆಗೆಸಿಕೊಂಡು ಬಂದಿದ್ದಳು. ಹೇಳಿದ್ದರೆ ಬುಗುರಿಗೆ ಮುಂಚೆ ಮಾಡಿದ ಹಾಗೆ ಇವನು ಪ್ರತಿದಿನ ಲೆಕ್ಕ ಹಾಕುತ್ತಾ ಒಣಗುತ್ತಾನೆ, ಗಟ್ಟಿಯಾದ ಮೇಲೆ ಹೇಳಿದರಾಯಿತು ಎಂದುಕೊಂಡಿದ್ದಳು.

"ಫೈಲು ನೋಡಿದ್ರಾ ಅವರು?" ಎಂದು ಕೇಳಿದ.

"ನೋಡದೆ ಏನು. ಒಂದನೇ ಹಾಳೆ ಇದೆ, ಎರಡನೇದು ಎಲ್ಲಿ ಅಂತಲೂ ಕೇಳಿದ್ರು. ಎಲ್ಲೋ ಕಳೆದಿರಬೇಕು, ಮುಖ್ಯವಾದ್ದೇನಾದ್ರೂ ಇದ್ದಿದ್ರೆ ನಮ್ಮನೆಯವರು ಹೇಳ್ದೆ ಇರ್ತಿರಲಿಲ್ಲ ಅಂದೆ." ಅವಳು ಅವನ ಮುಖ ನೋಡಿದಳು. "ನೀವೇ ತಾನೆ, ಇಟ್ಕೊ ಅಂದಿದ್ದು?"

ಅವನು ನೆಲದ ಮೇಲೆ ಕೂತು ಪೆಟ್ಟಿಗೆ ತೆರೆದ. ಸ್ಪ್ಯಾನರುಗಳನ್ನು ಒಂದೊಂದಾಗಿ ಹೊರಗಿಟ್ಟ. ಚೀಲ ತೆಗೆದ. ಹಾಳೆಯ ಮಡಿಕೆಗಳಲ್ಲಿ ಎಣ್ಣೆ ಹತ್ತಿ ಕಪ್ಪಾಗಿತ್ತು. ಕೂತಲ್ಲಿಂದಲೇ ಅದನ್ನು ಅವಳ ಕಡೆಗೆ ಚಾಚಿದ.

ಅವಳು ಕಿಟಕಿಯ ಬೆಳಕಿಗೆ ಹಿಡಿದು ಓದಿದಳು. ಬೆರಳು ಸಾಲಿನ ಮೇಲೆ ಮೆಲ್ಲಗೆ ಜಾರುತ್ತಾ ಹೋಯಿತು. ಒಂದು ಕಡೆ ನಿಂತಿತು, ಮುಂದೆ ಹೋಯಿತು, ಮತ್ತೆ ನಿಂತಿತು. ಬೀರುವಿನಿಂದ ಬುಗುರಿ ಎಷ್ಟನೇ ಮಹಡಿ ಎಂದು ಕೂಗಿದಳು.

"ಯಾವತ್ತಿನಿಂದ ಇದೆ ಇದು?"

"ಅವಳು ಹುಟ್ಟಿದಾಗಿನಿಂದ."

ಅವಳು ಕಿರುಚುತ್ತಾಳೆಂದು ಅವನು ಕಾದ. ಕಿರುಚಿದ್ದರೆ ವಾಸಿಯಿತ್ತು. ಅವಳು ಮಿಷನ್ನಿನ ಮುಂದಿನ ಸ್ಟೂಲಿನ ಮೇಲೆ ಕೂತು, ಹಾಳೆಯನ್ನು ಮಂಡಿಯ ಮೇಲಿಟ್ಟುಕೊಂಡು, ಮಡಿಕೆಗಳನ್ನು ಅಂಗೈಯಿಂದ ಸವರಿ ಸವರಿ ನೆಟ್ಟಗೆ ಮಾಡಿದಳು.

"ಹರಿದ ಕಡೆ ಹೊಲಿದ್ರೆ ಹೊಲಿಗೆ ಬಿಡಲ್ಲ ರೀ," ಎಂದಳು, ಅಂಗಡಿಯಲ್ಲಿ ಗಿರಾಕಿಗೆ ಹೇಳುವ ದನಿಯಲ್ಲಿ. "ಅದರ ಪಕ್ಕದ ಬಟ್ಟೆ ಬಿಡುತ್ತೆ. ದಿನಾ ನೋಡೋದು ಇದನ್ನೇ. ನನಗೆ ಹೇಳಿದ್ರೆ ನನಗೆ ಅರ್ಥ ಆಗ್ತಿತ್ತು."

"ನೀನು ಹೆದರ್ತೀಯ ಅಂತ..."

"ಈಗ ಹೆದರ್ತಾ ಇಲ್ವಾ ನಾನು?"

ಬಟ್ಟೆ ಇಟ್ಟುಕೊಳ್ಳಲಾ ಎಂದು ಕೇಳಿದ್ದಾಗ ಅವಳಿಗೆ ಬೇಕು, ಬೇಡ ಎನ್ನುವ ಎರಡೂ ದಾರಿ ತೆರೆದಿದ್ದವು. ಅದು ಅವಳಿಗೆ ಗೊತ್ತಿರಲಿಲ್ಲ, ಅವನಿಗೆ ಗೊತ್ತಿತ್ತು.

ಅವಳು ಫೈಲು ತಂದಳು. ಮೊದಲನೆಯ ಹಾಳೆಯ ಹಿಂದೆ ಎರಡನೆಯದನ್ನು ಇಟ್ಟು, ಅಂಚು ಸರಿಯಾಗಿ ಕೂಡಿಸಿ, ಗುಂಡುಪಿನ್ನು ಚುಚ್ಚಿದಳು. ಫೈಲನ್ನು ತನ್ನ ಕೈಚೀಲಕ್ಕೆ ಹಾಕಿ ಚೀಲದ ಬಾಯಿ ಎಳೆದಳು. ನಾಳೆ ಎಂಟು ಗಂಟೆಗೆ ದೊಡ್ಡಾಸ್ಪತ್ರೆಗೆ ಹೋಗೋಣ, ಬುಗುರಿಯನ್ನು ಪಕ್ಕದ ಮನೆಯ ಅಜ್ಜಿಯ ಹತ್ತಿರ ಬಿಡೋಣ, ನೀವು ರಜ ಹಾಕಿ ಎಂದಳು.

"ಅಲ್ಲಿ ಏನು ಹೇಳ್ತೀಯ?" ಎಂದು ಅವನು ಕೇಳಿದ. "ಬೇಡ ಅಂತ ಹೇಳ್ತೀಯ ತಾನೆ?"

"ಗೊತ್ತಿಲ್ಲ. ಅವರು ಹೇಳೋದನ್ನ ಮೊದಲು ನನ್ನ ಕಿವಿಯಿಂದ ನಾನು ಕೇಳಬೇಕು. ಈ ಸಲ ಹೇಳೋದು ನಾನು. ನೀವು ಪಕ್ಕದಲ್ಲಿ ಕೂತಿರಿ, ಸಾಕು."

ಅವನ ಕೈ ಅಭ್ಯಾಸಬಲದಿಂದ ಅಂಗಿಯ ಜೇಬಿಗೆ ಹೋಯಿತು. ಒಳಗೆ ಗಟ್ಟಿಯಾಗಿ ಏನೋ ಇತ್ತು. ಕಚೇರಿಯ ಲಿಫ್ಟಿನ ಫ್ಯೂಸು. ಆ ಲಿಫ್ಟು ನಾಳೆ ಓಡುವುದಿಲ್ಲ, ಅದರಲ್ಲಿ ಯಾರೂ ಬೀಳುವುದಿಲ್ಲ.

ಆಟ ಸಾಕಾದ ಬುಗುರಿ ಬೀರುವಿನಿಂದ ಹಾರಿ, ಓಡಿಬಂದು, ಎತ್ತಿಕೋ ಎಂದು ಅಮ್ಮನಿಗೆ ಎರಡೂ ಕೈ ಚಾಚಿದಳು. ಅಮ್ಮ ಎಂದಿನಂತೆ ಬಾಗಿ ಅವಳ ಕಂಕುಳಿಗೆ ಕೈ ಹಾಕಿದಳು. ಹಾಕಿದವಳು ಹಾಗೆಯೇ ನಿಂತಳು. ಆಮೇಲೆ ಕೈಗಳನ್ನು ಮೆಲ್ಲಗೆ ಬಿಡಿಸಿಕೊಂಡು, ಒಂದನ್ನು ತನ್ನ ಹೊಟ್ಟೆಯ ಮೇಲಿಟ್ಟುಕೊಂಡು, ಗಂಡನ ಕಡೆ ನೋಡದೆಯೇ ಹೇಳಿದಳು:

"ನೀವು ಎತ್ಕೊಳ್ಳಿ."